ಒಂದೇ ನಕ್ಷತ್ರ, ಎರಡು ತೂಕ: ಕಾಂತೀಯ ಶ್ವೇತಕುಬ್ಜದ ಲೆಕ್ಕ ಎಲ್ಲಿ ತಪ್ಪುತ್ತದೆ?

ಇಎಕ್ಸ್ ಹೈಡ್ರೇ ಎನ್ನುವ ಜೋಡಿ ನಕ್ಷತ್ರ ನಮ್ಮಿಂದ ಸುಮಾರು 185 ಜ್ಯೋತಿರ್ವರ್ಷ ದೂರದಲ್ಲಿದೆ. ಆಕಾಶದ ಲೆಕ್ಕದಲ್ಲಿ ಇದು ತೀರಾ ಹತ್ತಿರ. ಜೋಡಿಯಲ್ಲಿ ಒಂದು ಶ್ವೇತಕುಬ್ಜ, ಇನ್ನೊಂದು ಪುಟ್ಟ ಕೆಂಪು ನಕ್ಷತ್ರ. 98 ನಿಮಿಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಕೆಂಪು ನಕ್ಷತ್ರದಿಂದ ಅನಿಲ ಹರಿದು ಶ್ವೇತಕುಬ್ಜದ ಮೇಲೆ ಬೀಳುತ್ತಲೇ ಇದೆ. ಸೆಕೆಂಡಿಗೆ ನೂರಾರು ಕೋಟಿ ಟನ್.

ಈ ಶ್ವೇತಕುಬ್ಜದ ತೂಕ ಎಷ್ಟು? ತುಂಬಾ ಸರಳವಾದ ಪ್ರಶ್ನೆ, ಅಲ್ವಾ? ಆದರೆ ಬಹಳ ಕಾಲ ಇದಕ್ಕೆ ಎರಡು ಉತ್ತರಗಳಿದ್ದವು. ಎರಡೂ ನಕ್ಷತ್ರಗಳು ಎಷ್ಟು ವೇಗವಾಗಿ ಓಡುತ್ತಿವೆ ಎಂದು ಅಳೆದು ಲೆಕ್ಕ ಹಾಕಿದವರಿಗೆ ಸೂರ್ಯನ 0.79 ಪಟ್ಟು ಎಂಬ ಉತ್ತರ ಬಂತು. ಬೀಳುವ ಅನಿಲ ಬಿಸಿಯಾಗಿ ಹೊರಸೂಸುವ ಎಕ್ಸ್‌ರೇ ನೋಡಿ ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು 0.4ರಿಂದ 0.5ರ ಆಸುಪಾಸು. ಒಂದೇ ನಕ್ಷತ್ರಕ್ಕೆ ಇಷ್ಟು ಬೇರೆ ಬೇರೆ ತೂಕ ಇರೋಕೆ ಸಾಧ್ಯವಿಲ್ಲ. ಮೊದಲ ದಾರಿಯಲ್ಲಿ ಇರುವುದು ಕೆಪ್ಲರ್ ಕಾಲದ ಗಟ್ಟಿ ಗಣಿತ. ಅದು ಅಷ್ಟು ಸುಲಭವಾಗಿ ತಪ್ಪುವುದಿಲ್ಲ. ಹಾಗಾದರೆ ಎರಡನೆಯ ದಾರಿಯಲ್ಲಿ, ಅಂದರೆ ಅನಿಲ ಹೇಗೆ ಬೀಳುತ್ತದೆ ಎಂದು ನಾವು ಕಟ್ಟಿಕೊಂಡ ಮಾದರಿಯಲ್ಲಿ, ಎಲ್ಲೋ ದೋಷ ಇದೆ. ಆ ದೋಷ ಎಲ್ಲಿದೆ ಎನ್ನುವುದೇ ಈ ಲೇಖನದ ವಿಷಯ. 2025ರ ನವೆಂಬರ್‌ನಲ್ಲಿ ಬಂದ ಒಂದು ಹೊಸ ಅಳತೆ ಈ ಚರ್ಚೆಗೆ ಮತ್ತೆ ಜೀವ ಕೊಟ್ಟಿದೆ.

ಮೊದಲು ಶ್ವೇತಕುಬ್ಜದ ಬಗ್ಗೆ ಎರಡು ಮಾತು. ಸೂರ್ಯನಂಥ ನಕ್ಷತ್ರ ತನ್ನ ಇಂಧನ ಮುಗಿಸಿದ ಮೇಲೆ ಉಳಿಯುವ ತಿರುಳು ಇದು. ಗಾತ್ರ ಹೆಚ್ಚೂಕಡಿಮೆ ಭೂಮಿಯಷ್ಟು, ತೂಕ ಮಾತ್ರ ಸೂರ್ಯನಿಗೆ ಹತ್ತಿರ. ತೂಕ ಹೆಚ್ಚಾದಷ್ಟೂ ಇದು ಕುಗ್ಗುತ್ತಾ ಹೋಗುತ್ತದೆ. ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾದರೆ ತನ್ನನ್ನು ತಾನು ಹೊತ್ತು ನಿಲ್ಲಲಾರದು. 1930ರಲ್ಲಿ, ಇನ್ನೂ 19 ವರ್ಷದ ಹುಡುಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಕೂತು ಈ ಮಿತಿಯ ಲೆಕ್ಕ ಶುರು ಮಾಡಿದ್ದರು. ತೂಕಕ್ಕೂ ಗಾತ್ರಕ್ಕೂ ಇರುವ ಈ ನಂಟು ನಮಗೆ ಮುಂದೆ ಬೇಕಾಗುತ್ತದೆ. ಒಂದು ಗೊತ್ತಾದರೆ ಇನ್ನೊಂದು ಗೊತ್ತಾದ ಹಾಗೆ.

ಕೆಲವು ಶ್ವೇತಕುಬ್ಜಗಳಿಗೆ ಭಾರಿ ಕಾಂತಶಕ್ತಿ ಇದೆ. ಕಾಂತಕ್ಷೇತ್ರದ ಬಲವನ್ನು ಗಾಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಭೂಮಿಯ ಮೇಲ್ಮೈಯಲ್ಲಿ ಅದು ಸುಮಾರು ಅರ್ಧ ಗಾಸ್. ಎಎಂ ಹರ್ಕ್ಯುಲಿಸ್ ಎಂಬ ಹೆಸರಾಂತ ಜೋಡಿಯಲ್ಲಿ ಅದು ಸುಮಾರು 1.4 ಕೋಟಿ ಗಾಸ್. ಎಆರ್ ಉರ್ಸಾ ಮೇಜೋರಿಸ್‌ನಲ್ಲಿ 23 ಕೋಟಿ ಗಾಸ್. ಸಾಮಾನ್ಯವಾಗಿ ಇಂಥ ಜೋಡಿಗಳಲ್ಲಿ ಬೀಳುವ ಅನಿಲ ಶ್ವೇತಕುಬ್ಜದ ಸುತ್ತ ತಟ್ಟೆಯಂತೆ ಹರಡಿ ತಿರುಗುತ್ತದೆ. ಇಷ್ಟು ಬಲವಾದ ಕ್ಷೇತ್ರ ಇರುವಲ್ಲಿ ಆ ತಟ್ಟೆಯೇ ಕಟ್ಟುವುದಿಲ್ಲ. ಒಡನಾಡಿಯಿಂದ ಹೊರಟ ಅನಿಲ ಅರ್ಧ ದಾರಿಯಲ್ಲೇ ಕಾಂತರೇಖೆಗಳ ಕೈಗೆ ಸಿಕ್ಕಿ ನೇರವಾಗಿ ಧ್ರುವಕ್ಕೆ ಇಳಿಯುತ್ತದೆ. ಇವುಗಳನ್ನು ಪೋಲಾರ್ ಎನ್ನುತ್ತಾರೆ. 1976ರಲ್ಲಿ ಸ್ಯಾಂಟಿಯಾಗೊ ಟಾಪಿಯಾ ಅವರು ಎಎಂ ಹರ್ಕ್ಯುಲಿಸ್‌ನ ಬೆಳಕಿನಲ್ಲಿ ಬಲವಾದ ಧ್ರುವೀಕರಣ (ಬೆಳಕಿನ ಅಲೆಗಳ ಓಲಾಟದಲ್ಲಿ ಕಾಣುವ ಒಲವು) ಕಂಡಾಗ ಈ ಬಗೆಯ ನಕ್ಷತ್ರಗಳ ಗುಟ್ಟು ರಟ್ಟಾಯಿತು.

ಇನ್ನೊಂದು ಗುಂಪಿನಲ್ಲಿ ಕ್ಷೇತ್ರ ಅಷ್ಟು ಬಲವಾಗಿಲ್ಲ. ಸಾಮಾನ್ಯವಾಗಿ ಹತ್ತು ಲಕ್ಷದಿಂದ ಒಂದು ಕೋಟಿ ಗಾಸ್. ಇಲ್ಲಿ ಹೊರಗಡೆ ಅನಿಲದ ತಟ್ಟೆ ಇರುತ್ತದೆ. ಒಳಗಡೆ ಕಾಂತಕ್ಷೇತ್ರ ಅದನ್ನು ಕತ್ತರಿಸಿ, ಅಂಚಿನಿಂದ ಅನಿಲವನ್ನು ಎತ್ತಿ ಧ್ರುವಗಳಿಗೆ ಸುರಿಯುತ್ತದೆ. ಇವು ಇಂಟರ್‌ಮೀಡಿಯೇಟ್ ಪೋಲಾರ್. ಇಎಕ್ಸ್ ಹೈಡ್ರೇ ಈ ಗುಂಪಿನದು. ಅದರ ಶ್ವೇತಕುಬ್ಜ 67 ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ.

ಈಗ ಬೀಳುವ ಅನಿಲದ ಜೊತೆ ನಾವೂ ಇಳಿಯೋಣ. 0.79 ತೂಕದ ಶ್ವೇತಕುಬ್ಜದ ತ್ರಿಜ್ಯ ಸುಮಾರು 7,300 ಕಿಲೋಮೀಟರ್. ತುಂಬಾ ದೂರದಿಂದ ಬಿಟ್ಟ ಒಂದು ಕಣ ಇದರ ಮೇಲ್ಮೈ ತಲುಪುವ ಹೊತ್ತಿಗೆ ಸೆಕೆಂಡಿಗೆ ಸುಮಾರು 5,300 ಕಿಲೋಮೀಟರ್ ವೇಗ ಪಡೆದಿರುತ್ತದೆ. ಶಬ್ದದ ವೇಗಕ್ಕಿಂತ ಬಹಳ ಪಟ್ಟು ಜಾಸ್ತಿ. ಇಷ್ಟು ವೇಗದಲ್ಲಿ ಬಂದ ಅನಿಲಕ್ಕೆ ಮುಂದೆ ನೆಲ ಇದೆ ಎಂಬ ಸುದ್ದಿ ಮೊದಲೇ ಸಿಗುವುದಿಲ್ಲ. ಹಾಗಾಗಿ ಮೇಲ್ಮೈಯಿಂದ ಸ್ವಲ್ಪ ಮೇಲೆ ಒಂದು ಶಾಕ್, ಅಂದರೆ ಅನಿಲಕ್ಕೆ ಒಮ್ಮೆಲೇ ತಡೆ ಬೀಳುವ ತೆಳುವಾದ ಗಡಿ, ನಿಲ್ಲುತ್ತದೆ. ಅದನ್ನು ದಾಟುವಾಗ ಅನಿಲದ ವೇಗ ಒಮ್ಮೆಲೇ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಾಂದ್ರತೆ ನಾಲ್ಕು ಪಟ್ಟು ಏರುತ್ತದೆ. ಕಳೆದುಹೋದ ವೇಗವೆಲ್ಲ ಶಾಖವಾಗುತ್ತದೆ: ಸುಮಾರು 40 ಕೋಟಿ ಡಿಗ್ರಿ.

ಶಾಕ್‌ನಿಂದ ಮೇಲ್ಮೈವರೆಗೆ ಇರುವ ಈ ಬಿಸಿ ಅನಿಲವೇ ಕಂಬ. ಅನಿಲ ಇದರೊಳಗೆ ಇಳಿಯುತ್ತಾ ಎಕ್ಸ್‌ರೇ ಸೂಸಿ ತಣ್ಣಗಾಗುತ್ತದೆ, ದಟ್ಟವಾಗುತ್ತದೆ, ಕೊನೆಗೆ ಮೇಲ್ಮೈಯಲ್ಲಿ ನೆಲೆಯಾಗುತ್ತದೆ. ಕಂಬದ ತುದಿ ತುಂಬಾ ಬಿಸಿ, ಬುಡ ಕಡಿಮೆ ಬಿಸಿ. ನಮ್ಮ ದೂರದರ್ಶಕಕ್ಕೆ ಇಡೀ ಕಂಬದ ಬೆಳಕು ಬೆರೆತು ಬರುತ್ತದೆ. ಅದನ್ನು ಪದರ ಪದರವಾಗಿ ಬಿಡಿಸಿ ತುದಿಯ ಬಿಸಿ ಎಷ್ಟು ಎಂದು ಕಂಡುಹಿಡಿದರೆ, ಅದರಿಂದ ಬಿದ್ದ ವೇಗ ಸಿಗುತ್ತದೆ. ವೇಗದಿಂದ ತೂಕಕ್ಕೂ ತ್ರಿಜ್ಯಕ್ಕೂ ಇರುವ ಅನುಪಾತ ಸಿಗುತ್ತದೆ. ಚಂದ್ರಶೇಖರ್ ಕೊಟ್ಟ ನಂಟು ಕೈಯಲ್ಲಿದೆ, ಹಾಗಾಗಿ ತೂಕ ಸಿಕ್ಕ ಹಾಗೆಯೇ. 1973ರಲ್ಲಿ ಜಪಾನಿನ ಐಜು ಈ ಕಂಬದ ಒಳಗಿನ ಬಿಸಿ ಮತ್ತು ಸಾಂದ್ರತೆಗೆ ಅಚ್ಚುಕಟ್ಟಾದ ಸೂತ್ರ ಕೊಟ್ಟರು. ಇವತ್ತಿಗೂ ಎಲ್ಲರ ಲೆಕ್ಕ ಅಲ್ಲಿಂದಲೇ ಶುರುವಾಗುವುದು.

ನನಗೆ ಈ ವಿಧಾನ ತುಂಬಾ ಇಷ್ಟ. ಯಾರೂ ಮುಟ್ಟಲಾಗದ ಒಂದು ನಕ್ಷತ್ರವನ್ನು ಅದರ ಮೇಲೆ ಬಿದ್ದ ಅನಿಲದ ಬಿಸಿಯಿಂದಲೇ ತೂಗುವುದು ಎಂದರೆ ಸಣ್ಣ ಮಾತಲ್ಲ. ಅದಕ್ಕೇ ಇದರ ಊಹೆಗಳನ್ನು ಒಂದೊಂದಾಗಿ ಕೆದಕಿ ನೋಡಬೇಕು.

ಮೊದಲ ಊಹೆ: ಅನಿಲ ಅನಂತ ದೂರದಿಂದ ಬೀಳುತ್ತದೆ. ಇದು ನಿಜವಲ್ಲ. ಇಂಟರ್‌ಮೀಡಿಯೇಟ್ ಪೋಲಾರ್‌ನಲ್ಲಿ ಅನಿಲ ತಟ್ಟೆಯ ಒಳ ಅಂಚಿನಿಂದ ಬೀಳಲು ಶುರುಮಾಡುತ್ತದೆ. ಅಂಚು ಹತ್ತಿರ ಇದ್ದಷ್ಟೂ ಬಿದ್ದ ಎತ್ತರ ಕಡಿಮೆ, ಹಾಗಾಗಿ ವೇಗವೂ ಬಿಸಿಯೂ ಕಡಿಮೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದರೆ ನಕ್ಷತ್ರವೇ ಹಗುರ ಎಂದು ತಪ್ಪು ತಿಳಿಯುತ್ತೇವೆ.

ಆದರೆ ಒಳ ಅಂಚು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಅದನ್ನು ಚಿತ್ರದಲ್ಲಿ ನೋಡಲು ಯಾವ ದೂರದರ್ಶಕಕ್ಕೂ ಆಗುವುದಿಲ್ಲ. ರಷ್ಯಾದ ಮಿಖಾಯಿಲ್ ರೆವ್ನಿವ್ತ್ಸೆವ್ ಮತ್ತು ಸಂಗಡಿಗರು 2011ರ ಸುಮಾರಿಗೆ ಜಾಣತನದ ಒಂದು ದಾರಿ ತೋರಿಸಿದರು. ತಟ್ಟೆಯ ಪ್ರತಿಯೊಂದು ಸುತ್ತೂ ತನ್ನದೇ ವೇಗದಲ್ಲಿ ತಿರುಗುತ್ತದೆ. ಒಳಗೆ ಹೋದಷ್ಟೂ ವೇಗ ಹೆಚ್ಚು. ಆಯಾ ಸುತ್ತಿನ ಏರುಪೇರು ನಕ್ಷತ್ರದ ಬೆಳಕಿನ ಮಿನುಗಿನಲ್ಲಿ ಅಚ್ಚೊತ್ತಿರುತ್ತದೆ. ತಟ್ಟೆ ಎಲ್ಲಿ ಕತ್ತರಿಸಿದೆಯೋ ಅದಕ್ಕಿಂತ ವೇಗದ ಮಿನುಗು ಒಮ್ಮೆಲೇ ಕಡಿಮೆಯಾಗುತ್ತದೆ. ಇಎಕ್ಸ್ ಹೈಡ್ರೇಯಲ್ಲಿ ಈ ತಿರುವು ಸುಮಾರು 50 ಸೆಕೆಂಡಿನ ಮಿನುಗಿನ ಬಳಿ ಕಂಡಿತು. 50 ಸೆಕೆಂಡಿಗೆ ಒಂದು ಸುತ್ತು ಹಾಕಬೇಕಾದರೆ ಅನಿಲ ಎಷ್ಟು ಹತ್ತಿರ ಇರಬೇಕು? ನಕ್ಷತ್ರದ ತ್ರಿಜ್ಯದ ಸುಮಾರು 2.7 ಪಟ್ಟು ದೂರದಲ್ಲಿ. ಅಂದರೆ ಬೀಳುವುದಕ್ಕೆ ಜಾಗವೇ ಇಲ್ಲ ಎನ್ನುವಷ್ಟು ಹತ್ತಿರ.

ಇದನ್ನು ಹಾಕಿ ಲೆಕ್ಕ ಮಾಡಿದರೆ 40 ಕೋಟಿ ಡಿಗ್ರಿ 25 ಕೋಟಿಗೆ ಇಳಿಯುತ್ತದೆ. ಎಕ್ಸ್‌ರೇ ಅಳತೆಯಲ್ಲಿ ಸಿಕ್ಕ ಬಿಸಿ ಸುಮಾರು 23 ಕೋಟಿ ಡಿಗ್ರಿ. ಹೊಂದಿಕೊಂಡಿತು! ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕೆಲಸ ಮಾಡುವ ವಲೇರಿ ಸುಲೇಮಾನೊವ್ ಮತ್ತು ಸಂಗಡಿಗರು ಈ ತಿದ್ದುಪಡಿಯನ್ನು ಮಾದರಿಯೊಳಗೇ ಸೇರಿಸಿ, ಹತ್ತಾರು ನಕ್ಷತ್ರಗಳಿಗೆ ಹೊಸ ತೂಕ ಲೆಕ್ಕ ಹಾಕಿದರು. ಸರಾಸರಿ ಸೂರ್ಯನ 0.8ರ ಹತ್ತಿರ ಬಂತು.

ಎರಡನೆಯ ಊಹೆ: ಕಂಬ ತುಂಬಾ ಗಿಡ್ಡ, ಶಾಕ್ ಹೆಚ್ಚೂಕಡಿಮೆ ಮೇಲ್ಮೈಯಲ್ಲೇ ಇದೆ. ಕಂಬದ ಎತ್ತರವನ್ನು ತೀರ್ಮಾನಿಸುವುದು ಅನಿಲ ತಣ್ಣಗಾಗಲು ಹಿಡಿಯುವ ಸಮಯ. ಟೋಲ್‌ಗೇಟಿನ ಕ್ಯೂ ನೆನಪಿಸಿಕೊಳ್ಳಿ. ಗಾಡಿಗಳು ಬಂದು ಸೇರುತ್ತಲೇ ಇರುತ್ತವೆ, ಮುಂದೆ ಹೋಗುತ್ತಲೇ ಇರುತ್ತವೆ, ಕ್ಯೂನ ಬಾಲ ಮಾತ್ರ ಇದ್ದಲ್ಲೇ ಇರುತ್ತದೆ. ಕೌಂಟರ್ ಎಷ್ಟು ಬೇಗ ಕೆಲಸ ಮುಗಿಸುತ್ತದೆ ಎನ್ನುವುದರ ಮೇಲೆ ಕ್ಯೂ ಉದ್ದ ನಿಂತಿದೆ. ಶಾಕ್ ಎಂದರೆ ಆ ಬಾಲ. ಒಂದು ವ್ಯತ್ಯಾಸ ಮಾತ್ರ ಮುಖ್ಯ. ಇಲ್ಲಿ ಜನಸಂದಣಿ ಹೆಚ್ಚಾದಷ್ಟೂ ಕೌಂಟರ್ ಚುರುಕಾಗುತ್ತದೆ. ಎಲೆಕ್ಟ್ರಾನ್‌ಗಳು ಅಯಾನ್‌ಗಳ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳ) ಪಕ್ಕ ಹಾದುಹೋಗುವಾಗ ಎಕ್ಸ್‌ರೇ ಹುಟ್ಟುತ್ತದೆ, ಹಾಗಾಗಿ ಅನಿಲ ದಟ್ಟವಾದಷ್ಟೂ ಅದು ಬೇಗ ತಣ್ಣಗಾಗುತ್ತದೆ. ಒಂದು ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಒಂದು ಗ್ರಾಂ ಬಿದ್ದರೆ ಕಂಬ ಕೆಲವು ನೂರು ಕಿಲೋಮೀಟರ್. ಬೀಳುವುದು ಹತ್ತರಲ್ಲಿ ಒಂದು ಪಾಲಾದರೆ ಕಂಬ ಹತ್ತು ಪಟ್ಟು ಎತ್ತರ. ಇಎಕ್ಸ್ ಹೈಡ್ರೇಯಲ್ಲಿ ಅನಿಲ ಬೀಳುವುದು ಇತರ ಇಂಥ ನಕ್ಷತ್ರಗಳಿಗಿಂತ ಕಡಿಮೆ. ಅಲ್ಲಿ ಕಂಬ ಎತ್ತರವೇ ಇರಬೇಕು ಎಂದು ಹಲವರು ಮೊದಲೇ ಹೇಳುತ್ತಿದ್ದರು.

ಇಲ್ಲಿಗೆ ಬರುತ್ತದೆ ಹೊಸ ಅಳತೆ. ನಾಸಾ ಮತ್ತು ಇಟಲಿಯ ಬಾಹ್ಯಾಕಾಶ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ ಹಾರಿಸಿದ ಇಕ್ಸ್‌ಪಿ ಉಪಗ್ರಹ ಎಕ್ಸ್‌ರೇಯ ಧ್ರುವೀಕರಣ ಅಳೆಯುತ್ತದೆ. ಅಂದರೆ ಕಿರಣಗಳ ಅಲೆ ಯಾವ ದಿಕ್ಕಿಗೆ ಜಾಸ್ತಿ ಓಲಾಡುತ್ತಿದೆ ಎಂಬುದನ್ನು. ಬಿಸಿ ಅನಿಲದಿಂದ ನೇರವಾಗಿ ಹೊರಟ ಎಕ್ಸ್‌ರೇಗೆ ಇಂಥ ಒಲವು ಇರುವುದಿಲ್ಲ. ಎಲ್ಲೋ ಬಡಿದು ಚದುರಿ ಬಂದರೆ ಮಾತ್ರ ಒಂದು ದಿಕ್ಕಿನ ಗುರುತು ಹತ್ತುತ್ತದೆ. ಆದ್ದರಿಂದ ಧ್ರುವೀಕರಣ ಕಂಡರೆ ಕಂಬದ ಆಕಾರ, ಎತ್ತರ, ಸುತ್ತಲಿನ ಜಾಗದ ಬಗ್ಗೆ ಸುಳಿವು ಸಿಕ್ಕ ಹಾಗೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನೇತೃತ್ವದ ತಂಡ ಸುಮಾರು ಒಂದು ವಾರದ ಅವಲೋಕನದಲ್ಲಿ ಇಎಕ್ಸ್ ಹೈಡ್ರೇಯ ಎಕ್ಸ್‌ರೇಯಲ್ಲಿ ಶೇ. 8ರಷ್ಟು ಧ್ರುವೀಕರಣ ಕಂಡಿತು. ಶ್ವೇತಕುಬ್ಜವೊಂದರ ಎಕ್ಸ್‌ರೇಯಲ್ಲಿ ಹೀಗೆ ಅಳೆದಿದ್ದು ಇದೇ ಮೊದಲು. ಮಾದರಿಗಳು ಹೇಳಿದ್ದು ಇದಕ್ಕಿಂತ ಬಹಳ ಕಡಿಮೆ. ತಂಡದ ಅಂದಾಜಿನಲ್ಲಿ ಕಂಬದ ಎತ್ತರ ಸುಮಾರು 3,200 ಕಿಲೋಮೀಟರ್. ಅಂದರೆ ನಕ್ಷತ್ರದ ತ್ರಿಜ್ಯದ ಅರ್ಧಕ್ಕೆ ಹತ್ತಿರ! ಕೆಲವು ಕಿರಣಗಳು ಮೇಲ್ಮೈಗೆ ಬಡಿದು ನಮ್ಮ ಕಡೆ ಬಂದಿವೆ ಎಂದೂ ತಂಡ ಹೇಳಿದೆ.

ಈಗ ನಿಜವಾದ ತಲೆನೋವು ಶುರು. ಕಂಬ 3,200 ಕಿಲೋಮೀಟರ್ ಎತ್ತರ ಇದ್ದರೆ ಅನಿಲ ಅಷ್ಟು ಮೇಲೆಯೇ ಶಾಕ್‌ಗೆ ಸಿಗುತ್ತದೆ. ಪೂರ್ತಿ ವೇಗ ಪಡೆಯುವ ಮೊದಲೇ ನಿಲ್ಲುತ್ತದೆ. ಅನಿಲ ಅನಂತ ದೂರದಿಂದಲೇ ಬಂತು ಎಂದುಕೊಂಡು ಇದೊಂದನ್ನೇ ಹಾಕಿದರೆ ತುದಿಯ ಬಿಸಿ 28 ಕೋಟಿ ಡಿಗ್ರಿ ಬರುತ್ತದೆ. ಇದೂ ಅಳೆದ 23 ಕೋಟಿಗೆ ಸಾಕಷ್ಟು ಹತ್ತಿರವೇ. ತಟ್ಟೆಯ ಅಂಚು ಹತ್ತಿರ ಇದೆ ಎಂದರೂ ಉತ್ತರ ಸಿಗುತ್ತದೆ, ಕಂಬ ಎತ್ತರ ಇದೆ ಎಂದರೂ ಉತ್ತರ ಸಿಗುತ್ತದೆ. ಆದರೆ ಎರಡೂ ನಿಜ ಎಂದು ಒಟ್ಟಿಗೆ ಹಾಕಿ ನೋಡಿ: 2.7 ತ್ರಿಜ್ಯ ದೂರದಿಂದ ಹೊರಟು 1.4 ತ್ರಿಜ್ಯದಲ್ಲಿ ನಿಂತರೆ ಬಿಸಿ ಬರೀ 13 ಕೋಟಿ ಡಿಗ್ರಿ. ಅಳತೆಗೂ ಇದಕ್ಕೂ ತಾಳೆಯೇ ಇಲ್ಲ. ಇದು ಸರಳ ಸೂತ್ರದಲ್ಲಿ ನಾನೇ ಹಾಕಿದ ಒರಟು ಲೆಕ್ಕ. ಕಂಪ್ಯೂಟರ್ ಮಾದರಿಯಲ್ಲಿ ಅಂಕಿಗಳು ಸ್ವಲ್ಪ ಆಚೀಚೆ ಆಗಬಹುದು. ಆದರೆ ಇಷ್ಟು ದೊಡ್ಡ ಅಂತರ ಮುಚ್ಚಿಹೋಗುವಂಥದ್ದಲ್ಲ. ಒಂದೋ ತಟ್ಟೆಯ ಅಂಚು ಅಷ್ಟು ಹತ್ತಿರ ಇಲ್ಲ, ಇಲ್ಲವೇ ಕಂಬ ಅಷ್ಟು ಎತ್ತರ ಇಲ್ಲ.

ನನ್ನ ಒಲವು ಯಾವ ಕಡೆ ಎಂದರೆ, ಎರಡನ್ನೂ ಸ್ವಲ್ಪ ಸ್ವಲ್ಪ ಸಡಿಲಿಸಬೇಕಾಗುತ್ತದೆ ಅನ್ನಿಸುತ್ತದೆ: ಅಂಚು ತುಸು ದೂರ, ಕಂಬ ತುಸು ಗಿಡ್ಡ. ಇಕ್ಸ್‌ಪಿಯ ಅಳತೆ ಅಮೂಲ್ಯ, ಆದರೆ ಧ್ರುವೀಕರಣ ಸ್ಪಷ್ಟವಾಗಿ ಕಂಡಿದ್ದು 2ರಿಂದ 3 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಎಕ್ಸ್‌ರೇಯ ಶಕ್ತಿ ಅಳೆಯುವ ಮಾನ) ನಡುವೆ ಮಾತ್ರ, ಅದೂ 3 ಸಿಗ್ಮಾ ಮಟ್ಟದಲ್ಲಿ, ಅಂದರೆ ಆಕಸ್ಮಿಕ ಇರಲಾರದು ಎನ್ನಬಹುದು, ಆದರೆ ಪೂರ್ತಿ ಖಚಿತ ಎನ್ನುವಷ್ಟಲ್ಲ. ಇಂಥ ಫಲಿತಾಂಶವನ್ನು ಇನ್ನೊಮ್ಮೆ ಅಳೆಯಲೇಬೇಕು. ಅದೂ ಅಲ್ಲದೆ, ಕಂಬ ಎತ್ತರವಾದಷ್ಟೂ ಮೇಲ್ಮೈಗೆ ಬಡಿಯುವ ಕಿರಣ ಕಡಿಮೆಯಾಗುತ್ತದೆ. ಶಾಕ್ ನೆಲಕ್ಕೆ ಅಂಟಿಕೊಂಡಿದ್ದರೆ ಅಲ್ಲಿಂದ ಹೊರಟ ನೂರು ಕಿರಣಗಳಲ್ಲಿ 50 ಕೆಳಗೆ ಹೋಗಿ ಮೇಲ್ಮೈಗೆ ಬಡಿಯುತ್ತವೆ. 3,200 ಕಿಲೋಮೀಟರ್ ಮೇಲಿಂದ ನೋಡಿದರೆ ನಕ್ಷತ್ರ ಆಕಾಶದ ಅಷ್ಟು ಭಾಗ ತುಂಬುವುದಿಲ್ಲ. ನೂರರಲ್ಲಿ ಸುಮಾರು 14 ಮಾತ್ರ ಬಡಿಯುತ್ತವೆ. ಜೊತೆಗೆ ಇಷ್ಟು ಕಡಿಮೆ ಶಕ್ತಿಯ ಎಕ್ಸ್‌ರೇಯನ್ನು ಮೇಲ್ಮೈ ಪುಟಿಸುವುದಕ್ಕಿಂತ ನುಂಗುವುದೇ ಜಾಸ್ತಿ. ಹೀಗಿರುವಾಗ ಶೇ. 8 ಧ್ರುವೀಕರಣ ಎಲ್ಲಿಂದ ಬಂತು ಎಂಬುದನ್ನು ವಿವರಿಸುವುದು ಸುಲಭವಲ್ಲ.

ಮೂರನೆಯ ಊಹೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ: ಅನಿಲ ಒಂದೇ ಸಮನೆ, ನಯವಾಗಿ ಬೀಳುತ್ತದೆ. ಪೋಲಾರ್‌ಗಳಲ್ಲಿ ಹಾಗಿಲ್ಲ. ಅಲ್ಲಿ ದಟ್ಟವಾದ ಉಂಡೆಗಳೂ ಬೀಳುತ್ತವೆ, ಅವು ಮೇಲ್ಮೈಯೊಳಗೆ ನುಗ್ಗಿ ಅಲ್ಲೇ ಹುದುಗಿ ಬಿಸಿಯಾಗುತ್ತವೆ ಎಂದು 1982ರಲ್ಲೇ ಕೈಪರ್ಸ್ ಮತ್ತು ಪ್ರಿಂಗಲ್ ಸೂಚಿಸಿದ್ದರು. ಕೆಲವು ಪೋಲಾರ್‌ಗಳು ಮೃದು (ಕಡಿಮೆ ಶಕ್ತಿಯ) ಎಕ್ಸ್‌ರೇಯಲ್ಲಿ ಲೆಕ್ಕಕ್ಕಿಂತ ಜಾಸ್ತಿ ಬೆಳಗುವುದಕ್ಕೆ ಇದು ಒಳ್ಳೆಯ ಕಾರಣ.

ಪೋಲಾರ್‌ಗಳಲ್ಲಿ ಇನ್ನೂ ಒಂದು ಒಗಟು ಇದೆ. ಅದು ಮಾದರಿ ಕಟ್ಟುವವರ ನಿದ್ದೆ ಕೆಡಿಸಿದೆ. 1981ರಲ್ಲಿ ಲ್ಯಾಂಗರ್, ಚನ್ಮುಗಂ ಮತ್ತು ಶಾವಿವ್ ಕಂಪ್ಯೂಟರಿನಲ್ಲಿ ಕಂಬ ಕಟ್ಟಿ ನೋಡಿದಾಗ ಅದು ಸುಮ್ನೆ ನಿಲ್ಲಲಿಲ್ಲ. ಶಾಕ್ ಮೇಲೆ ಕೆಳಗೆ ಕುಣಿಯತೊಡಗಿತು. ಸ್ವಲ್ಪ ಮೇಲೆದ್ದರೆ ಅನಿಲ ಇನ್ನೂ ಬಿಸಿಯಾಗುತ್ತದೆ, ತಣ್ಣಗಾಗಲು ಇನ್ನೂ ಹೊತ್ತು ಬೇಕು, ಶಾಕ್ ಮತ್ತೂ ಏರುತ್ತದೆ. ಆಮೇಲೆ ಅಡಿಯಿಂದ ಕುಸಿಯುತ್ತದೆ. ಹೆಚ್ಚೂಕಡಿಮೆ ಅದೇ ಹೊತ್ತಿಗೆ ಮಿಡಲ್‌ಡಿಚ್ ಅವರು ಪೋಲಾರ್‌ಗಳ ಬೆಳಕಿನಲ್ಲಿ 1ರಿಂದ 3 ಸೆಕೆಂಡಿನ ಮಿಡಿತ ಕಂಡರು. ಲೆಕ್ಕವೂ ನೋಟವೂ ಒಂದಾದವು ಎಂದು ಎಲ್ಲರಿಗೂ ಖುಷಿ. ಆದರೆ ಅದೇ ಮಿಡಿತ ಎಕ್ಸ್‌ರೇಯಲ್ಲೂ ಇರಬೇಕಲ್ಲ? 2015ರಲ್ಲಿ ಫ್ರಾನ್ಸಿನ ಬೋನೆ-ಬಿಡೋ ಮತ್ತು ಸಂಗಡಿಗರು ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕದ ದಾಖಲೆಗಳಲ್ಲಿ 24 ಪೋಲಾರ್‌ಗಳನ್ನು ಜಾಲಾಡಿದರು. ಒಂದರಲ್ಲೂ ಸಿಗಲಿಲ್ಲ. ಬೆಳಕಿನಲ್ಲಿ ಮಿಡಿತ ಕಂಡಿದ್ದೂ ಬರೀ ಐದು ನಕ್ಷತ್ರಗಳಲ್ಲಿ.

ಬಲವಾದ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್‌ಗಳು ಕಾಂತರೇಖೆಗಳ ಸುತ್ತ ಸುತ್ತುತ್ತಾ ಸೈಕ್ಲೋಟ್ರಾನ್ ಬೆಳಕು ಸೂಸುತ್ತವೆ. ಇದು ಕಂಬವನ್ನು ಬೇಗ ತಣಿಸಿ ಕುಣಿತವನ್ನು ಅಡಗಿಸುತ್ತದೆ ಎನ್ನುವುದು ಒಂದು ವಿವರಣೆ. ಎಲ್ಲ ನಕ್ಷತ್ರಗಳಿಗೂ ಅದು ಸಾಲುವುದಿಲ್ಲ. ಜೊತೆಗೆ ಈ ತಣಿಯುವಿಕೆ ಎಲೆಕ್ಟ್ರಾನ್‌ಗಳದ್ದು ಮಾತ್ರ, ಅಯಾನ್‌ಗಳು ಬಿಸಿಯಾಗಿಯೇ ಉಳಿಯಬಹುದು. ಆಗ ಒಂದೇ ಅನಿಲಕ್ಕೆ ಎರಡು ಉಷ್ಣತೆ. ಮಾದರಿಯಲ್ಲಿ ಎರಡನ್ನೂ ಬೇರೆ ಬೇರೆ ಹಿಡಿದು ಲೆಕ್ಕ ಹಾಕಬೇಕು.

ಕಾಗದದ ಮೇಲೆ ಬಗೆಹರಿಯದ್ದನ್ನು ಪ್ರಯೋಗಾಲಯದಲ್ಲಿ ನೋಡಲು ಹೊರಟವರೂ ಇದ್ದಾರೆ. ಫ್ರಾನ್ಸಿನ ಎಮೆರಿಕ್ ಫಲೀಜ್ ಮತ್ತು ಸಂಗಡಿಗರು ಇದರ ಮುಂದಾಳುಗಳು. ಬ್ರಿಟನ್ನಿನ ಆಲ್ಡರ್‌ಮಾಸ್ಟನ್‌ನಲ್ಲಿರುವ ಓರಿಯನ್ ಲೇಸರ್‌ನಲ್ಲಿ ಮಾಡಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಲೇಸರ್ ಹೊಡೆತಕ್ಕೆ ಒಂದು ತುಣುಕು ಆವಿಯಾಗಿ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್ ಮತ್ತು ಅಯಾನ್‌ಗಳಾಗಿ ಒಡೆದ ಬಿಸಿ ಅನಿಲ, ಹೊಮ್ಮುತ್ತದೆ. ಅದು ಸಣ್ಣ ಕೊಳವೆಯೊಳಗೆ ಓಡಿ ಒಂದು ತಡೆಗೆ ಬಡಿಯುತ್ತದೆ. ಹಿಂದಕ್ಕೆ ಶಾಕ್ ಏಳುತ್ತದೆ. ಎಲ್ಲವೂ ಕೆಲವು ಮಿಲಿಮೀಟರ್ ಜಾಗದಲ್ಲಿ, ನ್ಯಾನೋ ಸೆಕೆಂಡುಗಳಲ್ಲಿ. ಅನುಪಾತಗಳನ್ನು ಸರಿಯಾಗಿ ಆರಿಸಿಕೊಂಡರೆ ಇದೂ ನಕ್ಷತ್ರದ ಕಂಬವೂ ಒಂದೇ ಸಮೀಕರಣ ಪಾಲಿಸುತ್ತವೆ. ತಣಿಯುವಿಕೆಯನ್ನು ನಕ್ಷತ್ರದಷ್ಟೇ ಬಲವಾಗಿ ತರಲು ಮಾತ್ರ ಇನ್ನೂ ದೊಡ್ಡ ಲೇಸರ್ ಬೇಕು.

ಇಷ್ಟೆಲ್ಲ ಯಾಕೆ ಮುಖ್ಯ ಅಂದರೆ, ಈ ತೂಕಗಳ ಮೇಲೆ ಬೇರೆ ದೊಡ್ಡ ಪ್ರಶ್ನೆಗಳು ನಿಂತಿವೆ. ಒಂಟಿ ಶ್ವೇತಕುಬ್ಜಗಳ ಸರಾಸರಿ ತೂಕ ಸೂರ್ಯನ 0.6ರಷ್ಟು. ಅನಿಲ ನುಂಗುವ ಜೋಡಿಗಳಲ್ಲಿ ಅದು 0.8. ಈ ವ್ಯತ್ಯಾಸ ಎಲ್ಲಿಂದ ಬಂತು, ಇವು ಚಂದ್ರಶೇಖರ್ ಮಿತಿಯ ಕಡೆ ಬೆಳೆಯುತ್ತಿವೆಯೇ ಎಂಬುದು ಸೂಪರ್‌ನೋವಾ (ನಕ್ಷತ್ರಗಳ ಮಹಾಸ್ಫೋಟ) ಅಧ್ಯಯನ ಮಾಡುವವರಿಗೆ ಬೇಕಾದ ಮಾಹಿತಿ. ನಮ್ಮ ಗ್ಯಾಲಕ್ಸಿಯ ನಡುಭಾಗದಿಂದ ಬರುವ ಮಬ್ಬಾದ ಗಡಸು (ಹೆಚ್ಚು ಶಕ್ತಿಯ) ಎಕ್ಸ್‌ರೇಗೂ ಬಹುಪಾಲು ಕಾಂತೀಯ ಶ್ವೇತಕುಬ್ಜಗಳೇ ಕಾರಣ ಎಂದು ನಂಬಲಾಗಿದೆ. ಅಲ್ಲಿ ಒಂದೊಂದನ್ನೇ ಬಿಡಿಸಿ ನೋಡಲು ಆಗುವುದಿಲ್ಲ. ಒಟ್ಟು ಬೆಳಕಿನ ಬಿಸಿಯಿಂದಲೇ ಅವುಗಳ ತೂಕ ಊಹಿಸಬೇಕು. ಮಾದರಿಯಲ್ಲಿ ತಟ್ಟೆಯ ಅಂಚು ಅಥವಾ ಕಂಬದ ಎತ್ತರ ತಪ್ಪಿದರೆ ಆ ಇಡೀ ಎಣಿಕೆ ತಪ್ಪುತ್ತದೆ.

ಎಕ್ಸ್‌ರೇ ಧ್ರುವೀಕರಣದ ಕೆಲಸದಲ್ಲಿ ಬೆಂಗಳೂರಿಗೂ ಪಾಲಿದೆ. 2024ರ ಜನವರಿ 1ರಂದು ಇಸ್ರೋ ಹಾರಿಸಿದ ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣ ಪೋಲಿಕ್ಸ್ ಅನ್ನು ಕಟ್ಟಿದ್ದು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ. ಅದು 8ರಿಂದ 30 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ ನೋಡುತ್ತದೆ, ಅಂದರೆ ಇಕ್ಸ್‌ಪಿ ನಿಲ್ಲುವ ಜಾಗದಿಂದ ಮುಂದಕ್ಕೆ. ಆದರೆ ಅದರ ಗುರಿ ತುಂಬಾ ಪ್ರಕಾಶಮಾನವಾದ ಮೂಲಗಳು. ಇಎಕ್ಸ್ ಹೈಡ್ರೇಯಂಥ ಮಂದ ನಕ್ಷತ್ರ ಅದಕ್ಕೆ ಸುಲಭವಾಗಿ ಸಿಗುವಂಥದ್ದಲ್ಲ. ಗಡಸು ಎಕ್ಸ್‌ರೇಯನ್ನು ಮೇಲ್ಮೈ ಚೆನ್ನಾಗಿ ಪುಟಿಸುತ್ತದೆ. ಹಾಗಾಗಿ ಇದೇ ಶಕ್ತಿಯ ವ್ಯಾಪ್ತಿಯಲ್ಲಿ ಧ್ರುವೀಕರಣ ಅಳೆಯುವ, ಇನ್ನೂ ದೊಡ್ಡ ಉಪಕರಣವೊಂದು ಮುಂದೆ ಬಂದರೆ ಅದು ಈ ವಿಷಯಕ್ಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಸದ್ಯಕ್ಕೆ ಜಗಳ ಬಗೆಹರಿಸಬಲ್ಲ ಅಳತೆ ಬೇರೆ ಕಡೆ ಇದೆ. ಬಿಸಿ ಕಂಬದ ಕಬ್ಬಿಣ 6.7 ಮತ್ತು 6.97 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಗೆರೆ ಬರೆಯುತ್ತದೆ, ಅಂದರೆ ಆ ಶಕ್ತಿಯ ಎಕ್ಸ್‌ರೇ ಮಾತ್ರ ಎದ್ದು ಕಾಣುತ್ತದೆ. ತಣ್ಣನೆಯ ಮೇಲ್ಮೈಯ ಕಬ್ಬಿಣ, ಮೇಲಿಂದ ಎಕ್ಸ್‌ರೇ ಬಡಿದಾಗ, 6.4ರಲ್ಲಿ ಬರೆಯುತ್ತದೆ. 6.4ರ ಗೆರೆ ಎಷ್ಟು ಬಲವಾಗಿದೆ ಎಂದು ನೋಡಿದರೆ ನೂರಕ್ಕೆ 50 ಕಿರಣ ಬಡಿಯುತ್ತಿವೆಯೋ 14 ಬಡಿಯುತ್ತಿವೆಯೋ ಎಂದು ಹೇಳಬಹುದು. 2023ರ ಸೆಪ್ಟೆಂಬರ್‌ನಲ್ಲಿ ಜಪಾನ್ ಹಾರಿಸಿದ ಕ್ರಿಸ್ಮ್ ಉಪಗ್ರಹ ಈ ಗೆರೆಗಳನ್ನು ಸುಮಾರು 5 ಎಲೆಕ್ಟ್ರಾನ್ ವೋಲ್ಟ್ ಸೂಕ್ಷ್ಮತೆಯಲ್ಲಿ ಬಿಡಿಸುತ್ತದೆ. ಅದೇ ಹೊತ್ತಿಗೆ ನೆಲದ ಮೇಲಿನ ದೂರದರ್ಶಕವೊಂದು ಇಎಕ್ಸ್ ಹೈಡ್ರೇಯ ಮಿನುಗನ್ನು ವೇಗವಾಗಿ ದಾಖಲಿಸಿ, 50 ಸೆಕೆಂಡಿನ ತಿರುವು ಇನ್ನೂ ಅಲ್ಲೇ ಇದೆಯೇ ಎಂದು ನೋಡಬೇಕು. ಮೊದಲ ಅಳತೆ ಕಂಬದ ಎತ್ತರ ಹೇಳುತ್ತದೆ, ಎರಡನೆಯದು ತಟ್ಟೆಯ ಅಂಚು ಎಲ್ಲಿದೆ ಎಂದು. ಎರಡೂ ಒಂದೇ ರಾತ್ರಿಯದ್ದಾಗಿದ್ದರೆ, 25 ಕೋಟಿ, 28 ಕೋಟಿ, 13 ಕೋಟಿ ಡಿಗ್ರಿಗಳಲ್ಲಿ ಯಾವ ಲೆಕ್ಕ ಉಳಿಯುತ್ತದೆ ಎಂದು ತಿಳಿಯುತ್ತದೆ.